ಬಿಳಿ ಬಿಟ್ಟಿದ್ದೀನಿ, ನೋಡ್ಕೋ

“ಇದರಲ್ಲಿ ಬಾತುಕೋಳಿ ಎಲ್ಲಿದೇರೀ? ನನಗಂತೂ ಬರೀ ನೆರಳು ಕಾಣ್ತಿದೆ,” ಎಂದಳು ಹೆಂಡತಿ, ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಆನಿಸಿ.

“ಸರಿಯಾಗಿ ನೋಡೇ.”

“ಸರಿಯಾಗೇ ನೋಡ್ತಿದ್ದೀನಿ. ಚಕ್ರ ಇದೆ. ಕೊಕ್ಕಿದೆ. ಕಣ್ಣೂ ಇದೆ ಪಾಪ. ಮಧ್ಯೆ ಇರಬೇಕಾದ ಬಾತುಕೋಳಿ ಮಾತ್ರ ಎದ್ದು ಎಲ್ಲೋ ಹೋಗಿದೆ.”

ಬೋರ್ಡಪ್ಪ ಕನ್ನಡಕವನ್ನು ಹಣೆಗೇರಿಸಿ ನೋಡಿದ, ಮೂಗಿಗಿಳಿಸಿ ನೋಡಿದ. ಹೆಂಡತಿಯ ಮಾತಿಗೆ ಎದುರಾಡುವುದು ಅವನಿಗೆ ಐವತ್ತು ವರ್ಷದ ಅಭ್ಯಾಸ. ಆದರೆ ಈ ಸಲ ಅವಳು ಹೇಳಿದ್ದು ನಿಜವೇ ಆಗಿತ್ತು. ಕಿಟಕಿಯ ಪಕ್ಕದ ಮೇಜಿನ ಮೇಲೆ ನಿಜವಾದ ಬಾತುಕೋಳಿ ನಿಂತಿತ್ತು: ಗೇಣುದ್ದದ ಮರದ ಬೊಂಬೆ, ಕೆಳಗೆ ನಾಲ್ಕು ಕೆಂಪು ಚಕ್ರ, ಮುಂದೆ ಎಳೆಯಲು ಒಂದು ದಾರ. ಎಂಬತ್ತು ವರ್ಷದ ಹಿಂದೆ ಹಚ್ಚಿದ ಬಿಳಿ ಬಣ್ಣ ಹಳೇ ಅಂಗಿಯ ಗುಂಡಿಯ ಹಾಗೆ ಮಾಸಿತ್ತು. ಅದರ ಪಕ್ಕದಲ್ಲೇ, ಹಲಗೆಗೆ ಅಂಟಿಸಿದ ದಪ್ಪ ಕಾಗದದ ಮೇಲೆ, ಮಗಳು ಬಿಡಿಸಿದ ಚಿತ್ರ. ಚಿತ್ರದಲ್ಲಿ ರೆಕ್ಕೆಯ ಕೆಳಗೆ ತೆಳು ಬೂದು, ಎದೆಯ ಬಳಿ ಇದೆಯೋ ಇಲ್ಲವೋ ಎನ್ನುವಷ್ಟು ಹಳದಿ. ಉಳಿದದ್ದೆಲ್ಲ ಖಾಲಿ ಕಾಗದ.

ಬೋರ್ಡಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ಕ್ಷೌರದಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಆ ಬೀದಿಯ ಅಷ್ಟೂ ಹೆಸರಿನ ಹಲಗೆಗಳನ್ನು ಬರೆದ ಕೈ ಅವನದು. ಪ್ಲಾಸ್ಟಿಕ್ ಬೋರ್ಡು ಬಂದು ಅರ್ಧ ಕೆಲಸ ತಿಂದಿತು, ಎರಡು ವರ್ಷದ ಹಿಂದೆ ಕೈ ನಡುಕ ಬಂದು ಉಳಿದರ್ಧ ತಿಂದಿತು. ಈಗ ಅವನು ಬೆಳಿಗ್ಗೆ ಪೇಪರು ಓದುತ್ತಾನೆ, ಅದರಲ್ಲಿನ ಅಕ್ಷರಗಳ ಅಂತರ ಸರಿಯಿಲ್ಲವೆಂದು ಬೈಯುತ್ತಾನೆ, ಮಗಳು ಚಿತ್ರ ಬಿಡಿಸುವಾಗ ಹಿಂದೆ ನಿಂತು ತಲೆ ತಿನ್ನುತ್ತಾನೆ.

“ನಿಂದು ಬಣ್ಣ ಅಲ್ಲ ಪುಟ್ಟಿ, ಬಣ್ಣ ತೊಳೆದ ನೀರು,” ಎನ್ನುವುದು ಅವನ ಹಳೆಯ ಕುಚೋದ್ಯ.

“ನಿಂದು ಬಣ್ಣ ಅಲ್ಲ ಅಪ್ಪಾ, ಗಾರೆ,” ಎನ್ನುವುದು ಅವಳ ಅಷ್ಟೇ ಹಳೆಯ ಉತ್ತರ.

ಪುಟ್ಟಿಗೆ ಈಗ ಮೂವತ್ತೆಂಟು. ಅರ್ಧ ದಿನ ಆಫೀಸು, ಉಳಿದರ್ಧ ದಿನ ನೀರು ಬಣ್ಣ. ಯಾರ ಹತ್ತಿರವೂ ಕಲಿತವಳಲ್ಲ.

ಬಾತುಕೋಳಿ ಹಿಂದಿನ ಬೀದಿಯ ಟೀಚರಮ್ಮನದು. ಪುಟ್ಟಿಗೆ ಮೂರನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದವರು. ಹದಿಮೂರು ದಿನದ ಹಿಂದೆ ಅದನ್ನು ಚಪ್ಪಲಿಯ ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿಕೊಂಡು, ಎಳೇ ಮಗುವನ್ನು ತಂದ ಹಾಗೆ ತಂದಿದ್ದರು. ಇದೇ ಕುರ್ಚಿಯಲ್ಲಿ ಕೂತು ಎಲ್ಲ ಹೇಳಿದ್ದರು. ಅವರ ಅಕ್ಕ ದೂರದೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಏಳುವ ಹಾಗಿಲ್ಲ. ಬಾತುಕೋಳಿ ನೋಡಬೇಕು ಎನ್ನುತ್ತಿದ್ದಾಳೆ.

“ಕಳಿಸೋಣ ಅಂದ್ರೆ ಒಳಗೆಲ್ಲ ಹುಳ ಕೊರೆದುಬಿಟ್ಟಿದೆ. ಎತ್ತಿದ್ರೆ ಪುಡಿ ಉದುರುತ್ತೆ. ಹುಳ ಬಿದ್ದ ಮರ ವಾರ್ಡಿಗೆ ತರೋ ಹಾಗಿಲ್ಲ ಅಂತಾರೆ. ಫೋನಲ್ಲಿ ತೋರಿಸಿದ್ರೆ ಬೆಳಕು ಚುಚ್ಚುತ್ತೆ ಅಂತ ಅಕ್ಕ ಕಣ್ಣು ಮುಚ್ಕೋತಾಳೆ. ಫೋಟೋ ಪ್ರಿಂಟ್ ಹಾಕಿಸಿದೆ, ಬಿಳಿ ಮೇಲೆ ಬಿಳಿ, ಬೇಕಾದ್ದೇ ಕಾಣಲ್ಲ.”

“ಬೇಕಾದ್ದು ಯಾವುದು ಟೀಚರ್?” ಎಂದು ಕೇಳಿದ್ದಳು ಪುಟ್ಟಿ.

ಟೀಚರಮ್ಮ ಬೊಂಬೆಯ ಕತ್ತಿನ ಹತ್ತಿರ ಬೆರಳಿಟ್ಟು ತೋರಿಸಿದ್ದರು. ನಾಲ್ಕು ಪುಟ್ಟ ಕುಳಿಗಳು. ಒಂದು ಸ್ವಲ್ಪ ಆಳ, ಒಂದು ಜಾರಿದ ಗೀರು, ಎರಡು ಒತ್ತೊತ್ತಾಗಿ.

“ನಮ್ಮ ತಮ್ಮ ಕಚ್ಚಿದ್ದು. ಹಲ್ಲು ಬರೋವಾಗ ಏನು ಸಿಕ್ಕಿದ್ರೂ ಕಚ್ತಿದ್ದ. ಮೂರು ತುಂಬೋಕೆ ಮುಂಚೆ ಹೋದ. ಆಗ ಫೋಟೋ ಗೀಟೋ ಎಲ್ಲಿ? ಅವನದು ಅಂತ ಉಳಿದಿರೋದು ಈ ನಾಲ್ಕು ಗುರುತು. ಅಕ್ಕ ಕೇಳ್ತಿರೋದು ಬಾತುಕೋಳೀನಲ್ಲಮ್ಮ, ಇದನ್ನ.”

ಇವತ್ತು ಮಧ್ಯಾಹ್ನ ಮೂರಕ್ಕೆ ಆ ಅಕ್ಕನ ಮಗ ಕಾರಿನಲ್ಲಿ ಬಂದು ಚಿತ್ರ ತೆಗೆದುಕೊಂಡು ಹೋಗುತ್ತಾನೆ. ಪುಟ್ಟಿ ಬೆಳಿಗ್ಗೆ ಚಿತ್ರದ ಚೌಕಟ್ಟಿಗೆ ಗಾಜು ತರಲು ಹೊರಟವಳು, ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಇನ್ನೊಂದನ್ನು ತಡಕಾಡುತ್ತ, ಬಾಗಿಲಿನಿಂದಲೇ ಹೇಳಿದ್ದಳು:

“ಅಪ್ಪಾ, ಬಿಳಿ ಬಿಟ್ಟಿದ್ದೀನಿ, ಸ್ವಲ್ಪ ನೋಡ್ಕೋ.”

ಹಲಗೆ ಬರೆಯುವವರಲ್ಲಿ ‘ಬಿಟ್ಟಿದ್ದೀನಿ, ನೋಡ್ಕೋ’ ಎಂದರೆ ಎರಡು ಅರ್ಥವಿಲ್ಲ. ಏಣಿಯ ಮೇಲೆ ಇಬ್ಬರು ಬರೆಯುತ್ತಿರುತ್ತಾರೆ. ಒಬ್ಬ ಟೀ ಕುಡಿಯಲು ಇಳಿಯುತ್ತ, “ಕೊನೇ ಅಕ್ಷರ ಬಿಟ್ಟಿದ್ದೀನಿ, ನೋಡ್ಕೋ” ಎನ್ನುತ್ತಾನೆ. ಇನ್ನೊಬ್ಬ ಕುಂಚ ಅದ್ದಿ ಮುಗಿಸುತ್ತಾನೆ. ನಲವತ್ತು ವರ್ಷ ಬೋರ್ಡಪ್ಪ ಹೀಗೆ ಹೇಳಿದ್ದಾನೆ, ಹೀಗೇ ಕೇಳಿಸಿಕೊಂಡಿದ್ದಾನೆ. ಯಾರೂ ಯಾರನ್ನೂ ಮರುಪ್ರಶ್ನೆ ಮಾಡಿದ್ದಿಲ್ಲ.

ಆದರೂ ಅವನು ಬೆಳಿಗ್ಗೆಯಿಂದ ಸುಮ್ಮನೆ ಕೂತಿದ್ದ. ಮಗಳು ಅವನ ಕೈ ಕೇಳಿದ್ದಾಳೆ ಎಂದು ನಂಬಲು ಧೈರ್ಯ ಬಂದಿರಲಿಲ್ಲ. ಈಗ ಹೆಂಡತಿಯ ಕಣ್ಣಿಗೂ ಬಾತುಕೋಳಿ ಕಾಣದೆ ಹೋದಾಗ ಅನುಮಾನ ಬಿಟ್ಟುಹೋಯಿತು.

“ಬಿಳಿ ಹಚ್ಚೋದು ಬಾಕಿ ಇದೆ ಕಣೇ,” ಎಂದ. “ನಂಗೆ ಹೇಳಿ ಹೋಗಿದ್ದಾಳೆ.”

“ನಿಮಗಾ?”

“ಮತ್ತೆ ನಿಂಗಾ?”

ಮಂಚದ ಕೆಳಗಿನಿಂದ ಬಿಳಿ ಬಣ್ಣದ ಡಬ್ಬ ಹೊರಬಂತು. ಮೇಲೆ ಕೆನೆಗಟ್ಟಿತ್ತು. ಚಾಕುವಿನಿಂದ ಸುತ್ತ ಕೊಯ್ದು ಕೆನೆ ತೆಗೆದ, ಹಳೇ ಬನಿಯನ್ನಿನ ತುಂಡಿನಲ್ಲಿ ಬಣ್ಣ ಸೋಸಿದ, ಎರಡು ಹನಿ ಟರ್ಪೆಂಟೈನ್ ಬಿಟ್ಟು ಕದಡಿದ. ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕುಂಚಗಳನ್ನು ಬಿಚ್ಚುವಾಗ ಬೆರಳು ನಡುಗುತ್ತಿದ್ದವು. ಬಲಗೈಗೆ ಆನಿಕೆಯಾಗಿ ಅಡ್ಡ ಕೋಲು ಹಿಡಿದು, ಅದರ ಮೇಲೆ ಮಣಿಕಟ್ಟು ಇಟ್ಟು, ಕುಂಚವನ್ನು ಕಾಗದಕ್ಕೆ ತಾಕಿಸಿದ. ನಡುಕ ನಿಂತಿತು.

ಬೆನ್ನು, ಎದೆ, ರೆಕ್ಕೆ. ಅಂಚಿನಿಂದ ಒಂದು ಕೂದಲಷ್ಟೂ ಹೊರಗೆ ಹೋಗಲಿಲ್ಲ. ಕತ್ತಿಗೆ ಬಂದಾಗ ನಿಂತ. ಮಗಳು ನಾಲ್ಕು ಗುರುತುಗಳನ್ನು ಎಂಥದೋ ಮಾಸಲು ನೆರಳಿನಲ್ಲಿ ತೋರಿಸಿದ್ದಳು, ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಂತೆ. ಇದು ಮುಖ್ಯವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಟೀಚರಮ್ಮ ಹೇಳಿದಾಗ ಅವನ ಕಣ್ಣೂ ಒದ್ದೆಯಾಗಿತ್ತು. ಮಲಗಿದ ಹೆಂಗಸು, ಕಾಲ ಬುಡದ ಗೋಡೆಯಲ್ಲಿ ಚಿತ್ರ, ಮಂಕು ಕಣ್ಣು. ಇಷ್ಟು ತೆಳುವಾಗಿದ್ದರೆ ಅವಳಿಗೆ ಕಂಡೀತೇ? ಮೊದಲು ಬಿಳಿ ಬಳಿದ. ಆಮೇಲೆ ಅತಿ ಸಣ್ಣ ಕುಂಚ ತೆಗೆದು, ಬೂದು ಬಣ್ಣದಲ್ಲಿ ನಾಲ್ಕು ಗುರುತು ಹಾಕಿದ. ನಾಲ್ಕೂ ಒಂದೇ ಅಳತೆ, ನಡುವೆ ಒಂದೇ ಅಂತರ, ಒಂದೊಂದಕ್ಕೂ ಬಲಗಡೆ ಕೆಳಗೆ ತೆಳ್ಳಗೆ ಕಪ್ಪು ನೆರಳು. ಅಂಗಡಿಯ ಹೆಸರಿನ ಅಕ್ಷರ ಎದ್ದು ಕಾಣಲಿ ಎಂದು ಕೊಡುತ್ತಾರಲ್ಲ, ಅದೇ ನೆರಳು.

“ಈಗ ನೋಡಿ, ಬಾತುಕೋಳಿ ವಾಪಸ್ ಬಂತು!” ಎಂದಳು ಹೆಂಡತಿ, ಮನಸಾರೆ.

ಬೋರ್ಡಪ್ಪ ಕುಂಚ ತೊಳೆಯುತ್ತ ಏನೋ ಗುನುಗುತ್ತಿದ್ದ. ಹನ್ನೆರಡೂವರೆಗೆ ಗೇಟು ಸದ್ದಾಯಿತು.

ಪುಟ್ಟಿ ಎರಡೂ ಕೈಯಲ್ಲಿ ಗಾಜು ಹಿಡಿದು ಒಳಗೆ ಬಂದಳು. ಚಿತ್ರ ಕಣ್ಣಿಗೆ ಬಿತ್ತು. ಅವಳು ಚೀರಲಿಲ್ಲ. ಗಾಜನ್ನು ನಿಧಾನವಾಗಿ, ಮೂಲೆ ತಾಗದ ಹಾಗೆ, ಗೋಡೆಗೆ ಒರಗಿಸಿದಳು. ಕೆಳಗೆ ಜಾರದಿರಲೆಂದು ಒಂದು ಬಟ್ಟೆ ಮಡಿಸಿ ಇಟ್ಟಳು. ಆಮೇಲೆ ಮೇಜಿನ ಹತ್ತಿರ ಬಂದಳು.

“ಹೆಂಗಿದೆ?” ಎಂದ ಬೋರ್ಡಪ್ಪ.

“ಏನಪ್ಪಾ ಇದು?”

“ಬಿಳಿ. ನೀನು ಬಿಟ್ಟಿದ್ದೆಯಲ್ಲ.”

“ಹೂಂ. ಬಿಟ್ಟಿದ್ದೆ.”

“ನೋಡ್ಕೋ ಅಂದೆಯಲ್ಲ.”

“ಅಂದೆ.” ಅವಳು ಕುರ್ಚಿಯಲ್ಲಿ ಕೂತಳು. ಅವನ ಮುಖ ನೋಡಿದಳು, ಚಿತ್ರವನ್ನಲ್ಲ. “ಅಪ್ಪಾ, ನೀರು ಬಣ್ಣದಲ್ಲಿ ಬಿಳಿ ಅಂತ ನಾನು ಹಚ್ಚೋದೇ ಇಲ್ಲ. ಕಾಗದಾನೇ ಬಿಳಿ. ಸುತ್ತ ಹಚ್ತಾ ಹಚ್ತಾ ಅದನ್ನ ಹಂಗೇ ಉಳಿಸ್ಕೋಬೇಕು. ಹನ್ನೆರಡು ದಿನದಿಂದ ನಾನು ಮಾಡಿದ್ದು ಅದೇ ಕೆಲಸ. ಆ ಜಾಗಕ್ಕೆ ಏನೂ ಆಗದ ಹಾಗೆ ಕಾದಿದ್ದು. ಬೆಕ್ಕು ಗಿಕ್ಕು ಹತ್ತೀತು, ಅಮ್ಮ ಗುಡಿಸೋವಾಗ ಧೂಳು ಬಿದ್ದೀತು, ನೋಡ್ಕೋ ಅಂದೆ.”

ಬೋರ್ಡಪ್ಪನ ಕಿವಿಯಲ್ಲಿ ಆ ಎರಡು ಮಾತು ಮತ್ತೊಮ್ಮೆ ಹಾದುಹೋದವು. ಬಿಳಿ ಬಿಟ್ಟಿದ್ದೀನಿ. ನೋಡ್ಕೋ. ಎಷ್ಟು ತಿರುಗಿಸಿ ಕೇಳಿದರೂ ಅವಳು ತಪ್ಪು ಹೇಳಿರಲಿಲ್ಲ.

“ಟರ್ಪೆಂಟೈನ್ ಹಾಕಿ ಒರೆಸ್ತೀನಿ ತಾಳು. ಇನ್ನೂ ಹಸೀನೇ ಇದೆ.”

“ಬೇಡ.”

“ಬ್ಲೇಡಲ್ಲಿ ಮೆಲ್ಲಗೆ ಕೆರೆದ್ರೆ?”

ಪುಟ್ಟಿ ಕಾಗದದ ಒಂದು ಅಂಚು ಬಿಡಿಸಿ, ಹಿಂಬದಿ ತೋರಿಸಿದಳು. ಎಣ್ಣೆ ಇಳಿದು ಹಿಂದುಗಡೆಯೂ ಬಾತುಕೋಳಿಯ ಆಕಾರದಲ್ಲೇ ಜಿಡ್ಡು ಮೂಡಿತ್ತು.

“ನಾನೇ ಸುಮ್ಮನಿರಲಾರದೆ ಬಾಯಿ ಬಿಟ್ಟೆ,” ಎಂದು ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು. “ಕಾಣಲ್ಲ ಅಂದೆ. ನನ್ನ ಕಣ್ಣಿಗಿಷ್ಟು ಬೆಂಕಿ ಹಾಕ.”

“ಬೈಯೇ ಪುಟ್ಟಿ,” ಎಂದ ಬೋರ್ಡಪ್ಪ. “ಒಂದು ಸಲ ಬೈದುಬಿಡು.”

“ಬೈಯೋಕೆ ಟೈಮಿಲ್ಲಪ್ಪಾ. ಎರಡೂವರೆ ಗಂಟೆ ಇದೆ.”

ಅವಳು ಹೊಸ ಕಾಗದ ತೆಗೆದಳು. ಅದನ್ನು ನೆನೆಸಿ, ಹಲಗೆಗೆ ಬಿಗಿದು, ಒಂದು ರಾತ್ರಿ ಒಣಗಿಸಿದ ಮೇಲೆ ಕೆಲಸ ಶುರುಮಾಡುವುದು ಅವಳ ಪದ್ಧತಿ. ಇವತ್ತು ನಾಲ್ಕು ಮೂಲೆಗೆ ಟೇಪು ಹಚ್ಚಿ ನೇರ ಕೂತಳು. ಪೆನ್ಸಿಲ್ಲಿನ ಗೆರೆ ಹತ್ತು ನಿಮಿಷದಲ್ಲಿ ಬಂತು. ಚಕ್ರ ಬಂತು, ಕೊಕ್ಕು ಬಂತು. ಹೊರಗೆ ಮೋಡ. ಬಿಸಿಲಿನ ಒಂದು ತುಣುಕೂ ಕಿಟಕಿಗೆ ಬೀಳುತ್ತಿರಲಿಲ್ಲ. ಹಚ್ಚಿದ್ದು ಒಣಗುತ್ತಿರಲಿಲ್ಲ, ಒಣಗದೆ ಮುಂದಿನದು ಹಚ್ಚುವಂತಿರಲಿಲ್ಲ. ಕಾಗದ ಹಪ್ಪಳದ ಹಾಗೆ ಅಲ್ಲಲ್ಲಿ ಉಬ್ಬಿತ್ತು.

ಬೋರ್ಡಪ್ಪ ರಟ್ಟಿನ ತುಂಡಿನಿಂದ ಗಾಳಿ ಹಾಕತೊಡಗಿದ.

“ಬೇಡಪ್ಪಾ, ಧೂಳು ಬೀಳುತ್ತೆ.”

ರಟ್ಟು ಕೆಳಗಿಟ್ಟ. ನೀರಿನ ಲೋಟ ತುಂಬಿಸಿ ತಂದ. ಅದು ಆಗಲೇ ತುಂಬಿತ್ತು. ಕಿಟಕಿ ಇನ್ನಷ್ಟು ತೆಗೆಯಲು ಹೋದ. ಅದು ಪೂರ್ತಿ ತೆಗೆದೇ ಇತ್ತು. ಅವನ ಆಯುಷ್ಯದಲ್ಲಿ ಎಷ್ಟೋ ಹಲಗೆ ಕೆಟ್ಟಿದ್ದವು. ಒಮ್ಮೆ ಔಷಧದಂಗಡಿಯ ಹಲಗೆಯಲ್ಲಿ ಒಂದು ಅಕ್ಷರ ನುಂಗಿದ್ದಕ್ಕೆ ಇಡೀ ಬೀದಿ ವಾರಗಟ್ಟಲೆ ನಕ್ಕಿತ್ತು. ಆಗೆಲ್ಲ ಮೇಲೊಂದು ಕೋಟು ಬಳಿದು ಮತ್ತೆ ಬರೆದರೆ ಮುಗಿಯುತ್ತಿತ್ತು. ತಪ್ಪು ಎನ್ನುವುದು ಮುಚ್ಚಲಾಗದ್ದು ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

“ಇಸ್ತ್ರಿ ಪೆಟ್ಟಿಗೆ ಬಿಸಿ ಮಾಡ್ಲೇನೇ?” ಎಂದಳು ಹೆಂಡತಿ ಒಳಗಿನಿಂದ.

“ಬೇಡಮ್ಮಾ.”

“ಊಟ?”

“ಬೇಡಮ್ಮಾ.”

ಎರಡೂಮುಕ್ಕಾಲಿಗೆ ಪುಟ್ಟಿ ಕತ್ತಿಗೆ ಬಂದಳು. ಬೊಂಬೆಯ ಹತ್ತಿರ ಬಗ್ಗಿ, ಆ ನಾಲ್ಕು ಕುಳಿಗಳನ್ನು ಇನ್ನೊಮ್ಮೆ ದಿಟ್ಟಿಸಿದಳು. ಬೆರಳ ಹಿಂಬದಿಯನ್ನು ಕಾಗದಕ್ಕೆ ತಾಗಿಸಿ ನೋಡಿದಳು. ತಣ್ಣಗಿತ್ತು, ಅಂದರೆ ಒಳಗೆ ಇನ್ನೂ ತೇವ. ಗಡಿಯಾರ ನೋಡಿದಳು. ಕುಂಚ ಇಳಿಸಿದಳು.

ಬೂದು ಬಣ್ಣ ಒಂದು ಕ್ಷಣ ಇಟ್ಟಲ್ಲೇ ನಿಂತಿತು. ಆಮೇಲೆ ಅಂಚು ಒಡೆದು, ಕತ್ತಿನ ಉದ್ದಕ್ಕೂ, ಖಾಲಿ ಉಳಿಸಿದ್ದ ಜಾಗಕ್ಕೆಲ್ಲ ಹರಿಯಿತು. ಅವಳು ಬಟ್ಟೆಯ ತುದಿಯಿಂದ ಒತ್ತಿದಳು. ಕಾಗದದ ಮೇಲ್ಪದರ ಎದ್ದು ನಾರು ನಾರಾಗಿ ಬಟ್ಟೆಗೆ ಬಂತು. ಅವಳು ಕುಂಚ ಕೆಳಗಿಟ್ಟಳು. ಅಷ್ಟೆ.

ಟೀಚರಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಜೊತೆಗೆ ಅಕ್ಕನ ಮಗ, ಎತ್ತರದ ಆಳು, ಬೆರಳಿಗೆ ಕಾರಿನ ಕೀಲಿ ಸಿಕ್ಕಿಸಿಕೊಂಡವನು. ಅವರು ಕೂರುವ ಮುಂಚೆಯೇ ಬೋರ್ಡಪ್ಪ ಎದ್ದು ನಿಂತ.

“ಟೀಚರಮ್ಮಾ, ಚಿತ್ರ ನಾನು ಕೆಡಿಸಿದೆ.”

“ಇಲ್ಲ ಟೀಚರ್, ತಪ್ಪು ನನ್ನದು,” ಎಂದಳು ಪುಟ್ಟಿ. “ನಾನು ಸರಿಯಾಗಿ ಹೇಳಿ ಹೋಗ್ಲಿಲ್ಲ.”

“ಅವಳು ಸರಿಯಾಗೇ ಹೇಳಿದ್ಲು. ನಾನು ಸರಿಯಾಗೇ ಕೇಳಿಸ್ಕೊಂಡೆ,” ಎಂದ ಬೋರ್ಡಪ್ಪ. ಚಿತ್ರ ಕಾಣಲೆಂದು ಬದಿಗೆ ಸರಿದ.

ಟೀಚರಮ್ಮ ಮೇಜಿನ ಹತ್ತಿರ ಹೋದರು. ಎರಡು ಚಿತ್ರಗಳನ್ನೂ ನೋಡಿದರು. ಪುಟ್ಟಿ ಈಗ ಬಿಡಿಸಿದ್ದರಲ್ಲಿ ಕತ್ತಿನ ಜಾಗದಲ್ಲಿ ಬರೀ ಕಲೆ. ಇನ್ನೊಂದರ ಮುಂದೆ ತುಂಬ ಹೊತ್ತು ನಿಂತರು. ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ತಲೆ ಒಂದು ಕಡೆ ವಾಲಿಸಿ ನೋಡಿದರು.

“ಹೊಸದಾಗಿದೆ,” ಎಂದರು. “ನಮ್ಮನೆಗೆ ತಂದಾಗ ಹಿಂಗೇ ಇತ್ತಂತೆ, ಥಳಥಳಾಂತ. ಆಗ ತಮ್ಮ ಹುಟ್ಟಿರಲಿಲ್ಲ.”

ಅವರು ಕತ್ತಿನ ಹತ್ತಿರಕ್ಕೆ ಬಗ್ಗಿದರು.

“ಇವೇನು, ಹಲ್ಲಾ?”

“ಹೂಂ,” ಎಂದ ಬೋರ್ಡಪ್ಪ.

“ಅವನಿಗೆ ಇಷ್ಟು ನೀಟಾದ ಹಲ್ಲಿದ್ದಿದ್ರೆ ನಮ್ಮಮ್ಮ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ಲು.” ಟೀಚರಮ್ಮ ನಕ್ಕರು. ಬೋರ್ಡಪ್ಪನನ್ನು ನಗಿಸಲೆಂದೇ ನಕ್ಕರು. ಅದು ಅವನಿಗೂ ತಿಳಿಯಿತು. ನಗು ಬರಲಿಲ್ಲ. ಅವರು ಆ ಗುರುತಿನ ಕಡೆಗೆ ಬೆರಳು ಒಯ್ದರು.

“ಮುಟ್ಟಬೇಡಿ, ಒಣಗಿಲ್ಲ.”

ಬೆರಳು ಅಲ್ಲೇ ನಿಂತಿತು, ಹಿಂದಕ್ಕೆ ಬಂತು.

“ಎರಡೇ ದಿನ ಕೊಡಿ ಟೀಚರ್,” ಎಂದಳು ಪುಟ್ಟಿ. “ರಜಾ ಹಾಕ್ತೀನಿ. ನಾನೇ ಅಲ್ಲಿಗೆ ತಗೊಂಡು ಹೋಗಿ ಕೊಟ್ಟು ಬರ್ತೀನಿ.”

ಟೀಚರಮ್ಮ ಅಕ್ಕನ ಮಗನ ಕಡೆ ತಿರುಗಿದರು. ಅವನು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ಡಾಕ್ಟ್ರು ಎರಡು ದಿನದ ಮಾತು ಆಡ್ತಿಲ್ಲ ಚಿಕ್ಕಮ್ಮಾ. ನಾನು ಬರೋಕೇ ಹಿಂದೆ ಮುಂದೆ ನೋಡಿದ್ದೆ. ಎಂಟಕ್ಕೆ ವಾರ್ಡಿನ ಬಾಗಿಲು ಹಾಕ್ತಾರೆ, ಈಗ ಹೊರಟರೆ ಸರಿ ಹೋಗುತ್ತೆ.”

“ನಾನೂ ಬಂದುಬಿಡ್ತಿದ್ದೆ. ಈ ಮಂಡಿ ಕಟ್ಕೊಂಡು ಐದು ಗಂಟೆ ಕೂರೋಕಾಗುತ್ತಾ?” ಎಂದರು ಟೀಚರಮ್ಮ, ಅವನಿಗೋ ತಮಗೋ. ಆಮೇಲೆ, “ಹೋಗ್ಲಿ ಬಿಡಿ. ಇದನ್ನೇ ಕೊಡಿ. ದೊಡ್ಡದಾಗಿ ಕಾಣುತ್ತಲ್ಲ,” ಎಂದರು.

ಗಾಜು ಹಾಕುವಂತಿರಲಿಲ್ಲ, ಕಾಗದ ಸುತ್ತುವಂತಿರಲಿಲ್ಲ, ಏನು ತಾಗಿದರೂ ಅಂಟುತ್ತಿತ್ತು. ಪುಟ್ಟಿ ಹಲಗೆಯ ಸಮೇತ ಎತ್ತಿ ಕೊಟ್ಟಳು. ಅಕ್ಕನ ಮಗ ಅದನ್ನು ಎರಡು ಕೈಯಲ್ಲಿ, ಮೈಗೆ ತಾಗದ ಹಾಗೆ ದೂರ ಹಿಡಿದು ನಡೆದ. ಕಾರಿನ ಹಿಂದಿನ ಸೀಟಿನ ಮೇಲೆ ಹೇಗಿಟ್ಟರೂ ಜಾರುತ್ತಿತ್ತು. ಕೊನೆಗೆ ಹಿಂದಿನ ಗಾಜಿನ ಕಡೆಗೆ ಮುಖ ಮಾಡಿ ಒರಗಿಸಿ, ಬೆಲ್ಟು ಬಿಗಿದ.

“ಚಿಕ್ಕಮ್ಮಾ,” ಎಂದ ಕಿಟಕಿಯಿಂದ. “ಅಮ್ಮ ಕೇಳಿದ್ರೆ ಏನು ಹೇಳ್ಲಿ?”

“ಇದೇ ಅಂತ ಹೇಳು.”

“ನಂಬ್ತಾಳಾ?”

ಟೀಚರಮ್ಮ ಬೊಂಬೆಯಿದ್ದ ಚಪ್ಪಲಿಯ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು, “ನಿಧಾನವಾಗಿ ಓಡಿಸು ಮಗಾ,” ಎಂದರು.

ಕಾರು ಹತ್ತು ಮಾರು ಹೋಗಿ ನಿಂತಿತು. ಬೀದಿಗೆ ಅಡ್ಡವಾಗಿ ಗ್ಯಾಸಿನ ಲಾರಿ ನಿಂತಿತ್ತು. ಒಬ್ಬ ಆಳು ಸಿಲಿಂಡರುಗಳನ್ನು ಒಂದೊಂದಾಗಿ ಇಳಿಸಿ, ಉರುಳಿಸಿಕೊಂಡು ಎದುರು ಮನೆಗಳಿಗೆ ಒಯ್ಯುತ್ತಿದ್ದ. ಅಕ್ಕನ ಮಗ ಹಾರನ್ ಒತ್ತಲಿಲ್ಲ. ಗೇಟಿನ ಹತ್ತಿರ ನಿಂತ ನಾಲ್ವರಿಗೆ ಒಳಗೆ ಹೋಗಲೂ ಆಗಲಿಲ್ಲ, ಕೈಬೀಸಲೂ ಆಗಲಿಲ್ಲ. ಹಿಂದಿನ ಗಾಜಿನಲ್ಲಿ ಬಾತುಕೋಳಿ ಬೆಳ್ಳಗೆ, ದೊಡ್ಡದಾಗಿ, ಅವರನ್ನೇ ನೋಡುತ್ತಿತ್ತು. ಪುಟ್ಟಿ ತನ್ನ ಉಗುರಿನ ಸಂದಿಯ ಬೂದು ಬಣ್ಣವನ್ನು ಕೀಳತೊಡಗಿದಳು. ಬೋರ್ಡಪ್ಪ ಗೇಟಿನ ಸರಳು ಹಿಡಿದುಕೊಂಡ, ಸರಳು ಕಟಕಟ ಎಂದಿತು. ಹೆಂಡತಿ ಅದರ ಮೇಲೆ ತನ್ನ ಕೈಯಿಟ್ಟು ಸದ್ದು ನಿಲ್ಲಿಸಿದಳು.

ಏಳನೆಯ ಸಿಲಿಂಡರು ಇಳಿಯಿತು. ಆಳು ಬೆವರು ಒರೆಸಿಕೊಂಡು, ಲಾರಿಯ ಹಿಂಬಾಗಿಲು ಎತ್ತಿ ಕೊಂಡಿ ಹಾಕಿ, ಎರಡು ಸಲ ತಟ್ಟಿದ. ಲಾರಿ ಹಿಂದಕ್ಕೆ ಸರಿಯಿತು, ಕಾರು ಹೊರಟಿತು.